ಅಕ್ಕ ಹೊಲಿದ ಬಲೂನು

ನಮ್ಮಕ್ಕನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನು. ಆಮೇಲೆ ಅಣ್ಣ ಹೇಳಿದ, ಅಂಗಡಿಯ ಗಿರಾಕಿಗಳು ಹೇಳಿದರು, ಕೊನೆಗೆ ಎದುರಿನ ಔಷಧಿ ಅಂಗಡಿಯವನೂ ಹೇಳಿದ. ಆದರೆ ಅವರಿಗೆಲ್ಲ ಆ ಮಾತಾಡುವ ಹಕ್ಕು ಕೊಟ್ಟವರು ಯಾರು? ನಾನು ಅವಳ ಒಡಹುಟ್ಟಿದ ತಂಗಿ, ಎದುರು ಬದುರು ಮಷಿನ್ ಹಾಕಿಕೊಂಡು ಅವಳ ಜೊತೆ ಕೂತು ಹೊಲಿದವಳು. ನಾನು ಹೇಳಬಹುದು. ಬೇರೆಯವರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಹೊಲಿಗೆ ಅಂಗಡಿ, ಅಪ್ಪ ಶುರು ಮಾಡಿದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಳೆಯ ಕಟ್ಟಡ. ಕೆಳಗೆ ಗಿರಾಕಿಗಳು ನಿಲ್ಲುವಷ್ಟು ಜಾಗ, ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿದರೆ ಮೇಲೆ ಉದ್ದನೆಯ ಒಂದೇ ಕೋಣೆ. ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಕರೆಯಬೇಕಾದರೆ ಗಂಟಲು ಏರಿಸಬೇಕು. ನನಗಂತೂ ಅದರಿಂದ ಯಾವತ್ತೂ ತೊಂದರೆಯಾಗಿಲ್ಲ. ಸೂಟು ಬೂಟಿನವರು ನಮ್ಮ ಕಡೆ ತಲೆ ಹಾಕುವುದಿಲ್ಲ. ನಮ್ಮ ಅನ್ನ ಹುಟ್ಟುವುದು ಶಾಲೆ ಮಕ್ಕಳ ಯೂನಿಫಾರಂನಿಂದ. ಲಂಗ, ಚಡ್ಡಿ, ಅಂಗಿ, ಅಂಗಿಯ ಜೇಬಿನ ಮೇಲೆ ಶಾಲೆಯ ಗುರುತು. ಕತ್ತರಿ ಹಿಡಿಯುವುದಕ್ಕೂ ಮೊದಲು ಅಪ್ಪ ನಮಗೆ ಕಲಿಸಿದ ಪಾಠ ಒಂದೇ: ಮಕ್ಕಳ ಬಟ್ಟೆಯ ಪ್ರತಿಯೊಂದು ಹೊಲಿಗೆಯ ಒಳಗೂ ನಾಲ್ಕು ಬೆರಳು ಹೆಚ್ಚು ಬಟ್ಟೆ ಬಿಡಬೇಕು. "ಮಕ್ಕಳ ಮೈ ನಮ್ ಮಾತು ಕೇಳಲ್ಲ, ಬೆಳೀತಾನೇ ಇರುತ್ತೆ. ಬರೋ ವರ್ಷ ಅವರಮ್ಮ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ಕೋಬೇಕು" ಎನ್ನುತ್ತಿದ್ದರು. ಈ ಊರಿನ ಅರ್ಧ ಜನ ನಮ್ಮ ಆ ನಾಲ್ಕು ಬೆರಳು ಬಟ್ಟೆಯಲ್ಲೇ ದೊಡ್ಡವರಾದವರು.

ಅಪ್ಪನ ಕಣ್ಣು ಮಂಜಾದಾಗ ಅಕ್ಕ ಇನ್ನೂ ಶಾಲೆಯಲ್ಲಿದ್ದಳು. ಒಂದು ಸೋಮವಾರ ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಮಷಿನ್ ಮುಂದೆ ಕೂತವಳು ಮತ್ತೆ ಎದ್ದೇ ಇಲ್ಲ ಎನ್ನಬೇಕು. ಅವಳ ದುಡಿಮೆಯಲ್ಲಿ ಅಣ್ಣ ಓದಿ ವಿಮಾ ಕಚೇರಿಯಲ್ಲಿ ಕೆಲಸ ಹಿಡಿದ. ನನ್ನ ಮದುವೆಯೂ ಆಯಿತು. ಆ ಮದುವೆ ಮುರಿದು ನಾನು ಪೆಟ್ಟಿಗೆ ಸಮೇತ ಬಂದು ಬಾಗಿಲಲ್ಲಿ ನಿಂತಾಗ ಅವಳು ಏನೂ ಕೇಳಲಿಲ್ಲ. ಎದುರಿನ ಮಷಿನ್‌ಗೆ ಎಣ್ಣೆ ಬಿಡುತ್ತಾ, "ಗುಂಡಿಗೆ ಕಾಜಾ ಹಾಕಕ್ಕೆ ಬರುತ್ತಾ, ಮರ್ತು ಹೋಯ್ತಾ?" ಎಂದಳು ಅಷ್ಟೆ. ನೀನ್ಯಾಕಮ್ಮ ಮದುವೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಪುರುಸೊತ್ತಾಗ್ಲಿಲ್ಲ." ಅದು ಸುಳ್ಳಲ್ಲ. ನಮ್ಮಕ್ಕ ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ. ಅಂಥ ದರ್ಜಿ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ನನಗೆ ತೋರಿಸಿ, ಕೈ ಮುಗಿಯುತ್ತೇನೆ. ಹಾಗೆ ಮಾತು ಉಳಿಸಿಕೊಳ್ಳುವವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು?

ಬಲೂನಿನ ಹುಚ್ಚು ಹಿಡಿದದ್ದು ಛತ್ರಿಯ ಬಟ್ಟೆಯಿಂದ. ಛತ್ರಿ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಉಳಿದ ತೆಳು ನೈಲಾನ್ ಬಟ್ಟೆಯನ್ನು ಅಕ್ಕ ಕಟ್ಟುಗಟ್ಟಲೆ ತಂದಳು, ಮಕ್ಕಳ ಊಟದ ಚೀಲ ಹೊಲಿಯೋಣವೆಂದು. ಮುಕ್ಕಾಲು ಭಾಗ ಕಪ್ಪು, ಉಳಿದದ್ದು ಕೆಂಪು, ಹಳದಿ, ನೀಲಿ. ಒಂದು ಮಧ್ಯಾಹ್ನ ಆ ಬಟ್ಟೆಯ ತುಂಡೊಂದು ನೆಲದ ಮೇಲಿದ್ದ ಫ್ಯಾನಿಗೆ ಸಿಕ್ಕಿ ಉಬ್ಬಿ ಎದ್ದು ತೊಲೆಗೆ ತಾಗಿ ಅಲ್ಲೇ ನಿಂತಿತು. ಅಕ್ಕ ಮಷಿನ್ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಲೇ ಮೆಣಸಿನಕಾಯಿ," ಎಂದಳು. ನನ್ನನ್ನು ಅವಳು ಕರೆಯುವುದೇ ಹಾಗೆ. "ನೋಡೇ, ಹೆಂಗೆ ನಿಂತಿದೆ."

"ನೀನೂ ಹಂಗೇ ನಿಂತ್ಕೋ. ಲಂಗದ ರಾಶಿ ಅಲ್ಲೇ ಬಿದ್ದಿದೆ, ಅದೇ ಎದ್ದು ಹೊಲ್ಕೊಳುತ್ತೆ" ಎಂದೆ ನಾನು.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. "ಜೀವಮಾನವೆಲ್ಲ ಬೇರೆಯವರ ಅಳತೆಗೆ ಹೊಲ್ದಿದ್ದಾಯ್ತು. ಬಿಗಿ ಆಯ್ತು, ಸಡಿಲ ಆಯ್ತು ಅಂತ ಯಾರೂ ವಾಪಸ್ ತರಬಾರದು, ಅಂಥದ್ದೊಂದು ಹೊಲೀಬೇಕು ಕಣೆ. ದೊಡ್ಡದು. ಹಾರೋ ಅಂಥದ್ದು."

ಅವತ್ತಿನಿಂದ ಎಷ್ಟೋ ವರ್ಷ ಭಾನುವಾರಗಳೆಲ್ಲ ಅದಕ್ಕೇ ಹೋದವು. ಹಳೆಯ ಪೇಪರುಗಳನ್ನು ಒಂದಕ್ಕೊಂದು ಅಂಟಿಸಿ, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿ, ಕಿತ್ತಳೆ ತೊಳೆಯ ಆಕಾರದಲ್ಲಿ ಮಾದರಿ ಕತ್ತರಿಸಿದಳು. ಮೊದಲು ಅಂಗೈಯಷ್ಟು ಬಲೂನು ಹೊಲಿದಳು, ಆಮೇಲೆ ದಿಂಬಿನಷ್ಟು, ಆಮೇಲೆ ನನ್ನ ಎತ್ತರದ್ದು. ಅದರಲ್ಲಿ ಎರಡು ಸುಟ್ಟುಹೋದವು. ತಗಡಿನ ಕೆಲಸದವನಿಂದ ಒಂದು ಉದ್ದನೆಯ ಕೊಳವೆ ಮಾಡಿಸಿದಳು; ಕೆಳಗೆ ದೊಡ್ಡ ಗ್ಯಾಸ್ ಒಲೆ ಉರಿದರೆ ಬಿಸಿಗಾಳಿ ಆ ಕೊಳವೆಯಲ್ಲಿ ಹಾದು ಬಲೂನಿನ ಹೊಟ್ಟೆ ಸೇರಬೇಕು. ಕೊನೆಗೆ ದೊಡ್ಡದಕ್ಕೆ ಕೈ ಹಾಕಿದಳು. ಮಾಳಿಗೆ ಮನೆಯಷ್ಟು ಎತ್ತರದ್ದು. ಅದು ಮುಗಿಯುತ್ತಲೇ ಇರಲಿಲ್ಲ, ಹನುಮಂತನ ಬಾಲ. ಬೈದುಕೊಂಡೇ ನಾನೂ ಅರ್ಧ ಪಟ್ಟಿಗಳನ್ನು ಹೊಲಿದುಕೊಟ್ಟೆ.

ದೊಡ್ಡದು ಮುಗಿಯುತ್ತಾ ಬಂದ ವರ್ಷ ಎಲ್ಲ ಒಟ್ಟಿಗೇ ಬಂದು ಬಡಿಯಿತು.

ಮೊದಲನೆಯದು, ಸೀಟ್ ಕವರ್. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಡ್ರೈವರ್ ಒಬ್ಬ, ಹೆಂಡತಿ ತೀರಿಕೊಂಡವನು, ವ್ಯಾನಿಗೆ ಸೀಟ್ ಕವರ್ ಹೊಲಿಸಲು ಬಂದ. ಅಳತೆ ಕೊಡಲು ಬಂದ, ಅಳತೆ ಸರಿಯಿದೆಯಾ ಎಂದು ಕೇಳಲು ಬಂದ, ಬಣ್ಣ ಬದಲಿಸಬಹುದಾ ಎಂದು ಬಂದ, ಕವರ್ ಹಾಕಿ ಎಷ್ಟೋ ದಿನದ ಮೇಲೆ ಚೆನ್ನಾಗಿದೆ ಎಂದು ಹೇಳಲು ಬಂದ. ಸೀಟು ಬೆಳೆಯುತ್ತದೆಯೇ ಪದೇ ಪದೇ ಅಳತೆ ತೆಗೆಯಲು? ನನಗೆ ಮೊದಲೇ ಅನುಮಾನ ಬಂದಿತ್ತು; ಅವನಿಗೆ ಸೀಟ್ ಕವರ್ ಎಂದೇ ಹೆಸರಿಟ್ಟೆ. ಒಂದು ಸಂಜೆ ಅಕ್ಕ ನೂಲು ಪೋಣಿಸುತ್ತಾ, ತಲೆ ಎತ್ತದೆ, "ಅವರನ್ನ ಮದುವೆ ಆಗೋಣ ಅಂತಿದೀನಿ" ಎಂದಳು. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅಂತಾರೆ. ನಮ್ಮಕ್ಕ ಎರಡು ಚಿಂತೆಯನ್ನೂ ಒಬ್ಬಳೇ ಇಟ್ಟುಕೊಂಡಳು, ಅದೂ ತಲೆಯಲ್ಲಿ ನರೆ ಬಂದ ಮೇಲೆ. ನಾನು ಅವತ್ತು ಅನ್ನ ತಿನ್ನಲಿಲ್ಲ. ಅವಳು ಎರಡು ಬಸ್ ನಿಲ್ದಾಣ ಆಚೆ ಅವನ ಮನೆಗೆ ಹೋಗುತ್ತಾಳೆ, ಈ ಮನೆಯಲ್ಲಿ ನಾನೊಬ್ಬಳೇ. ಹೊಟ್ಟೆ ಉರಿಯಿತು. ಉರಿಯಿತು ಅಂದರೆ ಉರಿಯಿತು, ಅದರಲ್ಲಿ ಮುಚ್ಚುಮರೆ ಏನು?

ಎರಡನೆಯದು, ಕಟ್ಟಡದ ಮಾಲೀಕ ಕಟ್ಟಡ ಮಾರಿದ. ಜೂನ್ ಮೊದಲ ಶನಿವಾರದೊಳಗೆ ಖಾಲಿ ಮಾಡಬೇಕು, ಭಾನುವಾರ ಕೆಡವುವವರು ಬರುತ್ತಾರೆ. ನಮಗೆ ಸಿಕ್ಕ ಹೊಸ ಅಂಗಡಿಯಲ್ಲಿ ಎರಡು ಮಷಿನ್ ಇಟ್ಟರೆ ಮೂರನೆಯವರು ಉಸಿರು ಬಿಗಿಹಿಡಿದು ನಿಲ್ಲಬೇಕು.

ಮೂರನೆಯದು ಯೂನಿಫಾರಂ. ಶಾಲೆ ತೆರೆಯುವ ಹೊತ್ತು, ಈ ಸಲ ಲಂಗ, ಚಡ್ಡಿಯ ಬಣ್ಣವನ್ನೇ ಬದಲಿಸಿದ್ದರು. ಹಾಗಾಗಿ ಹಳೆಯದನ್ನು ಬಿಚ್ಚಿ ದೊಡ್ಡದು ಮಾಡಿಕೊಳ್ಳುವ ಮಾತೇ ಇಲ್ಲ, ಪ್ರತಿ ಮಗುವಿಗೂ ಹೊಸದೇ ಬೇಕು. ಶುಕ್ರವಾರ ಸಂಜೆಗೆ ಕೊಡುತ್ತೇವೆ ಎಂದು ಅಕ್ಕ ಒಪ್ಪಿಕೊಂಡಿದ್ದಳು. ಮದುವೆ ಅದೇ ವಾರದ ಗುರುವಾರ.

ಇದನ್ನೆಲ್ಲ ಕೇಳಿ ಅಣ್ಣ ಬಂದ. ಇಸ್ತ್ರಿ ಮುರಿಯದ ಅಂಗಿ, ಮುರಿದ ಮುಖ.

"ಎರಡು ದೋಣಿ ಮೇಲೆ ಕಾಲಿಡಬೇಡ ಅಂತಾರೆ. ನೀನು ಮೂರರ ಮೇಲೆ ಇಟ್ಟಿದೀಯ. ಇರೋದು ಎರಡೇ ಕಾಲು ಕಣಮ್ಮ" ಎಂದ. "ಮದುವೆ ಆಗು, ಬೇಡ ಅನ್ನಲ್ಲ. ಅಂಗಡಿ ನಡೆಸು, ಅದೂ ಸರಿ. ಆ ಬಲೂನು ಬಿಟ್ಬಿಡು. ಗಾಳಿ ಗುದ್ದಿ ಮೈ ನೋಯಿಸ್ಕೊಂಡ್ರಂತೆ, ಹಂಗಾಯ್ತು ನಿನ್ ಕಥೆ. ನಮ್ ಆಫೀಸಲ್ಲಿ ನಂಗೆ ಏನಂತಾರೆ ಗೊತ್ತಾ? ಬಲೂನಣ್ಣ ಅಂತಾರೆ!"

ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನನ್ನ ಕಡೆ ಕೆಂಗಣ್ಣು ಬಿಟ್ಟ. ಅಕ್ಕ ಮಾತ್ರ ನಗಲಿಲ್ಲ. ಅಣ್ಣನಿಗೆ ಬೇಜಾರಾಗಿದೆ ಎಂದರೆ ಅವಳಿಗೆ ಮೊದಲಿಂದಲೂ ಕರುಳು ಚುರ್ ಎನ್ನುತ್ತದೆ.

"ಈ ಕೋಣೆ ಬಿಟ್ರೆ ಅದನ್ನ ಹಾಸಿ ಕೆಲಸ ಮಾಡೋ ಜಾಗ ನಂಗೆಲ್ಲೂ ಇಲ್ಲ" ಎಂದಳು. "ಅಂಗಡಿ ಖಾಲಿ ಮಾಡೋ ಶನಿವಾರದೊಳಗೆ ಅದು ಹಾರದಿದ್ರೆ ನಾನೇ ಕತ್ತರಿಸಿ ಮಕ್ಕಳಿಗೆ ಚೀಲ ಹೊಲೀತೀನಿ. ಸಾಕಾ?"

"ಮಾತು ಮಾತೇ ತಾನೆ?"

"ನಾನ್ಯಾವತ್ತು ಮಾತು ತಪ್ಪಿದೀನಿ ಹೇಳು."

ಅಣ್ಣ ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ಯಾರು ಕೇಳಿದ್ದರು ಮಾತು ಕೊಡು ಅಂತ? ಬೇರೆಯವರಾಗಿದ್ದರೆ ಕೊಟ್ಟ ಮಾತನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದರು. ಇವಳು ನಿಜವಾಗಿಯೂ ಕತ್ತರಿಸುತ್ತಾಳೆ. ಅದು ನನಗೂ ಗೊತ್ತು, ಅಣ್ಣನಿಗೂ ಗೊತ್ತು.

ಮದುವೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಬಲೂನನ್ನು ಶಾಲೆಯ ಮೈದಾನಕ್ಕೆ ಹೊತ್ತೆವು. ಸೀಟ್ ಕವರ್ ವ್ಯಾನಿನಲ್ಲಿ ಗ್ಯಾಸ್ ಒಲೆ ತಂದ. ಬೀದಿಯ ಜನ ಅರ್ಧಕ್ಕರ್ಧ ಬಂದಿದ್ದರು; ಬಿಟ್ಟಿ ತಮಾಷೆಗೆ ನಮ್ಮ ಜನ ಯಾವತ್ತಾದರೂ ತಡ ಮಾಡಿದ್ದಾರೆಯೇ? ಮೊದಲು ಫ್ಯಾನಿನಿಂದ ಗಾಳಿ ತುಂಬಿಸಿ ಆಮೇಲೆ ಕೊಳವೆಯ ಬಾಯಿಗೆ ಹಿಡಿದೆವು. ಬಲೂನು ನಿಧಾನವಾಗಿ ಎದ್ದಿತು. ಕಪ್ಪು ಪಟ್ಟಿ, ಕೆಂಪು ಪಟ್ಟಿ, ಹಳದಿ ಪಟ್ಟಿ ಒಂದೊಂದಾಗಿ ಬಿಚ್ಚಿಕೊಂಡು ಶಾಲೆಯ ಮಾಡಿನವರೆಗೂ ತುಂಬಿ ನಿಂತಿತು. ಬೈಯಲು ತೆರೆದಿದ್ದ ನನ್ನ ಬಾಯಿ ಹಾಗೇ ಉಳಿಯಿತು. ಅಷ್ಟು ಚೆನ್ನಾಗಿತ್ತು.

"ಬಿಡಿ" ಎಂದಳು ಅಕ್ಕ. ಎಲ್ಲರೂ ಕೈ ಬಿಟ್ಟೆವು.

ಬಲೂನು ಏಳಲಿಲ್ಲ. ದಪ್ಪನೆಯ ಮನುಷ್ಯ ತಗ್ಗು ಕುರ್ಚಿಯಿಂದ ಏಳಲು ಹೊರಟ ಹಾಗೆ ಆ ಕಡೆ ಈ ಕಡೆ ತೂಗಾಡಿತು, ಸಾಕಪ್ಪಾ ಎಂದು ಕೂತಿತು. ಮತ್ತೆ ಒಲೆ ಹಚ್ಚಿದೆವು. ಮತ್ತೆ ತುಂಬಿತು, ತೂಗಿತು, ಕೂತಿತು. ಯಾರೋ ಹಿಂದಿನಿಂದ, "ಅದಕ್ಕೆ ಗ್ಯಾಸ್ ಆಗಿದೆ, ಮಾತ್ರೆ ಕೊಡ್ರೀ" ಎಂದು ಕೂಗಿದ. ಎಲ್ಲರೂ ಹಲ್ಲು ಕಿಸಿದರು. ಔಷಧಿ ಅಂಗಡಿಯವನಂತೂ ಹೊಟ್ಟೆ ಹಿಡಿದುಕೊಂಡ. ಅಣ್ಣ ಯಾರಿಗೂ ಗುರುತಿಲ್ಲದವನ ಹಾಗೆ ಗೇಟಿನ ಬಳಿ ನಿಂತಿದ್ದ. ಹೋಗುವಾಗ ಅಕ್ಕನ ಹತ್ತಿರ ಬಂದು ಮೆಲ್ಲಗೆ, "ಶನಿವಾರ" ಎಂದಷ್ಟೇ ಹೇಳಿದ.

ತೂತು ಬಿದ್ದಿದೆಯೇನೋ ನೋಡೋಣವೆಂದು ಮೇಲಿನ ಕೋಣೆಯಲ್ಲಿ ಬಲೂನನ್ನು ಒಳಹೊರಗು ಮಾಡಿ ಹಾಸಿದೆವು. ನಾನು ಸಿಟ್ಟಿನಲ್ಲಿ ಬಟ್ಟೆಯನ್ನು ಎಳೆದಾಡುತ್ತಿದ್ದೆ. ಕೈಗೆ ಏನೋ ದಪ್ಪಗೆ ಸಿಕ್ಕಿತು. ಹೊಲಿಗೆಯ ಉದ್ದಕ್ಕೂ, ತಲೆಯಿಂದ ಬಾಯಿಯವರೆಗೆ, ಎರಡೂ ಪಕ್ಕದಲ್ಲಿ ಬಟ್ಟೆ ಕಿವಿಯ ಹಾಗೆ ಎದ್ದು ನಿಂತಿತ್ತು. ಬೆರಳಿಟ್ಟು ನೋಡಿದೆ. ನಾಲ್ಕು.

"ಅಕ್ಕಾ, ಇದೇನು?"

"ಒಳಗಿನ ಬಟ್ಟೆ ಕಣೆ. ಯಾವಾಗ್ಲೂ ಬಿಡ್ತೀವಲ್ಲ."

"ಯಾಕೆ?"

"ಯಾಕೆ ಅಂದ್ರೆ..."

"ಬಲೂನು ಬರೋ ವರ್ಷ ಎಂಟನೇ ಕ್ಲಾಸಿಗೆ ಹೋಗುತ್ತಾ? ಉದ್ದ ಆಗುತ್ತಾ?" ಎಂದೆ. "ಅವರಮ್ಮ ಬಂದು ಬಿಚ್ಕೋತಾಳಾ?"

ಅಕ್ಕ ನೆಲಕ್ಕೆ ಕುಸಿದಳು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗು. ಉಸಿರು ಕಟ್ಟುವಷ್ಟು ನಗು. ನಾನೂ ಅವಳ ಪಕ್ಕದಲ್ಲಿ ಉರುಳಿದೆ. ಇಷ್ಟು ವರ್ಷ ಭಾನುವಾರ ಭಾನುವಾರ ಕೂತು, ಅವಳೊಂದು ಪಟ್ಟಿ ನಾನೊಂದು ಪಟ್ಟಿ, ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಕೈ ತಾನಾಗಿಯೇ ಬಿಟ್ಟುಕೊಂಡು ಹೋಗಿತ್ತು. ಇನ್ನೊಂದು ಸಣ್ಣ ಬಲೂನಿಗೆ ಸಾಕಾಗುವಷ್ಟು ಬಟ್ಟೆಯನ್ನು ಈ ಬಲೂನು ಹೊಟ್ಟೆಯೊಳಗೆ ಸುಮ್ಮನೆ ಹೊತ್ತುಕೊಂಡಿತ್ತು. ಪಾಪ, ಅದು ಎಲ್ಲಿಂದ ಏಳಬೇಕು?

ನಗು ನಿಂತ ಮೇಲೆ ಇಬ್ಬರಿಗೂ ಲೆಕ್ಕ ತಲೆಗೆ ಬಂತು. ಆ ಹೆಚ್ಚಿನ ಬಟ್ಟೆಯನ್ನು ಕೈಯಲ್ಲೇ ಕತ್ತರಿಸಿ ತೆಗೆಯಬೇಕು. ತೆಳು ಬಟ್ಟೆ, ಹೊಲಿಗೆಯ ಗೆರೆಗೆ ಕತ್ತರಿ ತಾಗಿದರೆ ಮುಗಿಯಿತು. ಜೋಡಿ ಹೊಲಿಗೆ ಹಾಕಿದ್ದರಿಂದ ಬಿಚ್ಚಿಕೊಳ್ಳುವ ಭಯವೇನೂ ಇರಲಿಲ್ಲ, ಆದರೆ ಹೊತ್ತು ಎಲ್ಲಿದೆ? ಬೆಳಗಾದರೆ ಸೋಮವಾರ, ಲಂಗದ ರಾಶಿ ಮೊಣಕಾಲಿನವರೆಗೆ ಬಿದ್ದಿದೆ.

"ಮದುವೆ ಮುಂದಕ್ಕೆ ಹಾಕು" ಎಂದೆ. ನನ್ನ ಸ್ವಾರ್ಥವೂ ಅದರಲ್ಲಿತ್ತು, ಇರಲಿ.

"ಹಾಕಲ್ಲ."

"ಶಾಲೆ ಹೆಡ್‌ಮಿಸ್ ಹತ್ರ ಹೋಗಿ ಒಂದು ವಾರ ಕೇಳು."

"ಮಕ್ಕಳು ಸೋಮವಾರ ಏನ್ ಹಾಕ್ಕೊಂಡು ಹೋಗ್ಬೇಕು?"

"ಹಾಗಾದ್ರೆ ಇದನ್ನ ಬಿಟ್ಟು ಸಾಯಿ!"

ಅವಳು ಎದ್ದು ನಿಂತಳು. ಅಕ್ಕ ದನಿ ಎತ್ತುವವಳಲ್ಲ. ಅವತ್ತೂ ಎತ್ತಲಿಲ್ಲ. "ಎಲ್ರೂ ಒಂದೊಂದು ಬಿಡು ಅಂತೀರ. ಶಾಲೆ ಬಿಟ್ಟೆ, ಯಾರೂ ಕೇಳ್ಲಿಲ್ಲ. ವಯಸ್ಸು ಹೋಯ್ತು, ನಾನೂ ಸುಮ್ನಿದ್ದೆ. ನಂಗೇನೂ ಬೇಡ, ಬೇಡ ಅಂತಾನೇ ಇಷ್ಟು ದಿನ ಬಂದೆ. ಈಗ ನಂಗೆ ಮೂರೂ ಬೇಕು. ಮೂರೂ ಬೇಕು ಕಣೆ."

ನಾನು ಎದ್ದು ಹೋಗಿ ಲಂಗದ ರಾಶಿಯನ್ನು ಮಷಿನ್ ಹತ್ತಿರಕ್ಕೆ ಎಳೆದೆ.

ಸೋಮವಾರ, ಮಂಗಳವಾರ, ಬುಧವಾರ ನಾವು ಮಷಿನ್ ಬಿಟ್ಟು ಏಳಲಿಲ್ಲ. ಲಂಗ, ಅಂಗಿ, ಚಡ್ಡಿ, ಮತ್ತೆ ಲಂಗ. ನಡುವೆ ಹೊಸ ಅಂಗಡಿಗೆ ಸಾಮಾನು ಸಾಗುತ್ತಿತ್ತು. ಇಸ್ತ್ರಿ ಮೇಜು ಹೋಯಿತು, ಬಟ್ಟೆಯ ಕಪಾಟು ಹೋಯಿತು, ಕೊನೆಗೆ ಗುಂಡಿಗಳ ಡಬ್ಬಿ ಎಲ್ಲಿ ಹೋಯಿತೆಂದೇ ತಿಳಿಯದೆ ನಾನು ಇಡೀ ಬೀದಿಗೆ ಕೇಳುವಂತೆ ಕಿರುಚಿದೆ. ಸೀಟ್ ಕವರ್ ದಿನವೂ ಬಂದು ಪೆಟ್ಟಿಗೆ ಹೊರುತ್ತಿದ್ದ. ಮದುಮಗ ನೀನು, ಮನೆಗೆ ಹೋಗಿ ಮುಖಕ್ಕೆ ಏನಾದರೂ ಹಚ್ಚಿಕೊ ಎಂದರೆ, "ಹಚ್ಚಿದ್ರೂ ಇದೇ ಮುಖ ತಾನೆ" ಎಂದ. ಅಲ್ಲಿಂದ ಅವನ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಗುರುವಾರ ಕಚೇರಿಯಲ್ಲಿ ಸಹಿ ಹಾಕಿ ಮದುವೆ. ಅಕ್ಕ ಹೊಸ ಬಟ್ಟೆ ಉಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಅದನ್ನ ತೆಗೀರಮ್ಮ, ಫೋಟೋ ಹೊಡೀಬೇಕು" ಎಂದರು. ಅವಳು ತೆಗೆದು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಅಷ್ಟೇ ಮರ್ಯಾದೆಯಿಂದ ತನ್ನ ಕೊರಳಿಗೆ ಹಾಕಿಕೊಂಡ. ಫೋಟೋದಲ್ಲಿ ಟೇಪು ಭಾವನ ಕೊರಳಲ್ಲಿದೆ. ಹೌದು, ಆ ಹೊತ್ತಿನಿಂದ ಅವನು ನನಗೆ ಭಾವ.

ಊಟ ನಮ್ಮ ಮೇಲಿನ ಕೋಣೆಯಲ್ಲೇ. ನೆಂಟರನ್ನೆಲ್ಲ ಕೂರಿಸುವಷ್ಟು ಜಾಗ ಬೇರೆಲ್ಲಿತ್ತು? ಮಷಿನ್‌ಗಳನ್ನು ಕೆಳಗಿಳಿಸಿದ್ದೆವು. ಕೋಣೆಯ ನಡುವೆ, ಈ ತುದಿಯಿಂದ ಆ ತುದಿಗೆ, ಬಲೂನು ಮಡಿಕೆಯಾಗಿ ಮಲಗಿತ್ತು. ಊಟವಾಗಿ ಜನ ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ ಒಂದು ತುದಿಯಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಅಂಗಡಿಯಿಂದ ಅವಳು ರಜೆ ತೆಗೆದುಕೊಂಡದ್ದು ಅದೊಂದೇ ದಿನ. ಸಿಕ್ಕ ರಜೆಯನ್ನು ವ್ಯರ್ಥ ಮಾಡುವವಳಲ್ಲ ಅವಳು.

ಭಾವನ ತಾಯಿ, ಎಂಬತ್ತು ದಾಟಿದ ಮುದುಕಿ, ಕೋಲೂರಿಕೊಂಡು ಬಂದು ನಿಂತರು.

"ಏನಮ್ಮಾ ಇದು? ಮದುವೆ ಮನೇನೋ, ಹೊಲಿಗೆ ಅಂಗಡೀನೋ?"

"ಎರಡೂ, ಅತ್ತೆ" ಎಂದಳು ಅಕ್ಕ. ತಲೆ ಎತ್ತಿ, ಏನಾಗಿದೆ, ಏನಾಗಬೇಕು, ಶನಿವಾರ ಅದು ಹಾರದಿದ್ದರೆ ಏನು ಮಾಡುವುದಾಗಿ ಮಾತು ಕೊಟ್ಟಿದ್ದೇನೆ, ಎಲ್ಲವನ್ನೂ ನೇರವಾಗಿ ಹೇಳಿದಳು.

ಮುದುಕಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯೋ ಕೋಣ? ನನ್ನನ್ನ ಕೆಳಗೆ ಕೂರ್ಸು. ಅಮ್ಮಯ್ಯ, ನಂಗೂ ಒಂದು ಕತ್ತರಿ ಕೊಡು. ಕಣ್ಣು ಇನ್ನೂ ಚೆನ್ನಾಗೇ ಇದೆ" ಎಂದರು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಬಲೂನಿನ ಎರಡೂ ಪಕ್ಕ ಪಂಕ್ತಿಯಲ್ಲಿ ಕೂತ ಹಾಗೆ ಜನ ಕೂತರು. ಭಾವನ ಜೊತೆಯ ವ್ಯಾನ್ ಡ್ರೈವರುಗಳು, ನಮ್ಮ ಬೀದಿಯ ಹೆಂಗಸರು, ಭಾನುವಾರ ಹೊಟ್ಟೆ ಹಿಡಿದು ನಕ್ಕಿದ್ದ ಔಷಧಿ ಅಂಗಡಿಯವನು ಕೂಡ. ದೊಡ್ಡ ಕತ್ತರಿಗಳು ಸಾಲದೆ ಕೆಲವರಿಗೆ ನೂಲು ಕತ್ತರಿಸುವ ಪುಟ್ಟ ಕತ್ತರಿ ಕೊಟ್ಟೆವು. ಅಕ್ಕ ಒಬ್ಬೊಬ್ಬರ ಹಿಂದೆ ಬಗ್ಗಿ ತೋರಿಸುತ್ತಾ ಬಂದಳು: ಹೊಲಿಗೆಯಿಂದ ಅರ್ಧ ಬೆರಳು ಬಿಡಿ, ಉಳಿದದ್ದು ತೆಗೀರಿ, ಆತುರ ಬೇಡ. ಭಾವ ನಾಲಗೆ ಹೊರಗೆ ಹಾಕಿ, ಇಕ್ಕಟ್ಟಿನ ಸಂದಿಯಲ್ಲಿ ವ್ಯಾನ್ ಹಿಂದಕ್ಕೆ ತೆಗೆಯುವವನ ಹಾಗೆ ಕತ್ತರಿಸುತ್ತಿದ್ದ. ಎಲ್ಲರಿಗಿಂತ ನೇರವಾಗಿ ಕತ್ತರಿಸಿದ್ದು ಮುದುಕಿ; ಅದನ್ನು ಎಲ್ಲರಿಗೂ ಹೇಳಿದ್ದೂ ಮುದುಕಿಯೇ. ಎಷ್ಟು 'ಹುಷಾರು, ಹುಷಾರು' ಎಂದು ಕೂಗಿದೆನೋ ನನಗೇ ಗೊತ್ತಿಲ್ಲ.

ಅಣ್ಣ ಮಾತ್ರ ಕತ್ತರಿ ಮುಟ್ಟಲಿಲ್ಲ. ಮೆಟ್ಟಿಲ ಬಳಿ ಬಂದು ನೋಡಿದ, "ತಂಗಿ ಮದುವೆ ದಿನ ಇದೊಂದು ಬಾಕಿ ಇತ್ತು" ಎಂದು ಗೊಣಗಿ ಕೆಳಗಿಳಿದ.

ಸಂಜೆ ಹೊತ್ತಿಗೆ ಕೊನೆಯ ಪಟ್ಟಿ ಮುಗಿಯಿತು. ಕತ್ತರಿಸಿ ತೆಗೆದ ಚೂರುಗಳನ್ನು ಗುಡಿಸಿ ಒಂದು ದುಪ್ಪಟಿಯಲ್ಲಿ ಗಂಟು ಕಟ್ಟಿ ಎತ್ತಿದೆ. ಭಾರವಿತ್ತು. ಸೊಂಟಕ್ಕೆ ಒತ್ತಿ ಹಿಡಿಯಬೇಕಾಯಿತು. ಆಗ ಮೊದಲ ಸಲ ನನಗೆ ಅನ್ನಿಸಿತು, ಇದು ಹಾರಿಬಿಟ್ಟರೆ ಹಾರಿಬಿಡಬಹುದು. ಅಕ್ಕ ಅವತ್ತು ಗಂಡನ ಮನೆಗೆ ಹೋದಳು. ನಾನು ನಮ್ಮ ಮನೆಗೆ ಬಂದು ಒಬ್ಬಳೇ ಅತ್ತು ಮಲಗಿದೆ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಅಂಗಡಿಗೆ ಬಂದಳು. ಸಂಜೆ ಹೆಡ್‌ಮಿಸ್ ಎದುರು ಯೂನಿಫಾರಂನ ಕಟ್ಟುಗಳನ್ನು ಇಳಿಸಿದೆವು, ಒಂದೂ ಕಡಿಮೆ ಇಲ್ಲ.

ಶನಿವಾರ ಹೊತ್ತು ಹುಟ್ಟುವ ಮುಂಚೆಯೇ ನಮ್ಮ ಎರಡು ಮಷಿನ್‌ಗಳನ್ನೂ ವ್ಯಾನಿಗೆ ಏರಿಸಿ ಹಳೆಯ ಅಂಗಡಿಗೆ ಬೀಗ ಹಾಕಿ ಕೀಲಿ ಕೊಟ್ಟೆವು. ಹೊಸ ಅಂಗಡಿಗೆ ಹೋಗುವ ದಾರಿಯಲ್ಲೇ ಶಾಲೆಯ ಮೈದಾನ. ಈ ಸಲ ಯಾರನ್ನೂ ಕರೆದಿರಲಿಲ್ಲ. ಆದರೂ ಕತ್ತರಿ ಹಿಡಿದಿದ್ದವರೆಲ್ಲ ಬಂದಿದ್ದರು. ತಾವು ಕತ್ತರಿಸಿದ ಪಟ್ಟಿ ಯಾವುದೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಅಣ್ಣನೂ ಬಂದಿದ್ದ. ಗೇಟಿನ ಬಳಿ, ಕೈಕಟ್ಟಿಕೊಂಡು.

ಗಾಳಿ ತಣ್ಣಗಿತ್ತು. ಫ್ಯಾನು ತಿರುಗಿತು, ಒಲೆ ಹೊತ್ತಿತು, ಬಲೂನು ತುಂಬಿತು. ಅಕ್ಕ ಬಲೂನಿನ ಬಾಯಿಗೆ ಕಟ್ಟಿದ ಹಗ್ಗದ ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಅಕ್ಕನ ಅತ್ತೆ ವ್ಯಾನಿನಲ್ಲಿ ಬಾಗಿಲು ತೆಗೆಸಿ ಕೂತು ಬಾಯಲ್ಲಿ ಏನೋ ಪಿಸುಗುಡುತ್ತಿದ್ದರು. ನಾನು ನೆನಪಿಗೆ ಬಂದ ದೇವರನ್ನೆಲ್ಲ ಬೈದುಕೊಂಡೇ ಬೇಡಿಕೊಂಡೆ.

"ಬಿಡಿ" ಎಂದಳು.

ಬಿಟ್ಟೆವು. ಬಲೂನು ನಿಂತೇ ಇತ್ತು. ಒಂದು ಸಲ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಅಯ್ಯೋ, ಹೋಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಅದರ ಬಾಯಿಯ ಅಂಚಿಗೂ ನೆಲಕ್ಕೂ ನಡುವೆ ಒಂದು ಗೇಣು ಬೆಳಕು ಕಂಡಿತು. ಆ ಬೆಳಕು ಮೊಳವಾಯಿತು, ಮಾರಾಯಿತು, ಆಚೆಯ ಗೋಡೆ ಕಂಡಿತು, ಗೋಡೆಯಾಚೆಯ ರಸ್ತೆ ಕಂಡಿತು.

"ಎದ್ತು! ಎದ್ತು ಕಣೇ ಅಕ್ಕಾ!" ನನ್ನ ಗಂಟಲು ಹರಿದುಹೋಯಿತು.

ಅದು ಅವಸರವಿಲ್ಲದೆ ಏರಿತು. ಶಾಲೆಯ ಮಾಡು ದಾಟಿತು, ನೀರಿನ ಟ್ಯಾಂಕು ದಾಟಿತು. ಆಗ ಬಿಸಿಲು ಬಿದ್ದು ಕೆಂಪು ಹಳದಿ ಪಟ್ಟಿಗಳೆಲ್ಲ ಒಳಗಿಂದ ದೀಪ ಹಚ್ಚಿದ ಹಾಗಾದವು, ಕಪ್ಪು ಬಣ್ಣ ಕೂಡ ಮಿಂಚಿತು. ಹಗ್ಗ ಅಕ್ಕನ ಕೈಯಿಂದ ಜಾರುತ್ತಾ ಜಾರುತ್ತಾ ಕೊನೆಗೆ ಬಂದು, ನಾಯಿಮರಿ ಎಳೆದ ಹಾಗೆ ಅವಳನ್ನು ಎಳೆಯಿತು. ಅವಳು ಎರಡು ಹೆಜ್ಜೆ ಅದರ ಹಿಂದೆ ಓಡಿದಳು. ನಮ್ಮಕ್ಕ ಓಡಿದ್ದನ್ನು ನಾನು ನೋಡಿದ್ದೇ ಅವತ್ತು. ಭಾವ ಚಪ್ಪಾಳೆ ತಟ್ಟುವುದನ್ನೂ ಮರೆತು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಡ್ರೈವರುಗಳು ವ್ಯಾನುಗಳ ಹಾರನ್ ಒತ್ತಿ ಹಿಡಿದರು.

ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೊಂದು ನಿಂತಿತು. ಕಿಟಕಿ ಕಿಟಕಿಯಲ್ಲೂ ತಲೆ. ಬಸ್ಸಿನ ಡ್ರೈವರು ಕತ್ತು ಹೊರಗೆ ಹಾಕಿ ಗೇಟಿನ ಬಳಿ ನಿಂತಿದ್ದ ಅಣ್ಣನನ್ನು ಕೇಳಿದ: "ಯಾವ ಕಂಪನಿದು ಸಾರ್? ಏನ್ ಮಾರ್ತಾ ಇದಾರೆ?"

ಅಣ್ಣ ಕಟ್ಟಿದ ಕೈ ಬಿಚ್ಚಿದ. "ಕಂಪನಿ ಅಲ್ಲ ಕಣಪ್ಪಾ! ಏನೂ ಮಾರ್ತಿಲ್ಲ! ನನ್ ತಂಗಿ! ಅಲ್ಲಿ ಹಗ್ಗ ಹಿಡ್ಕೊಂಡಿದಾಳಲ್ಲ, ಅವಳು! ನನ್ ತಂಗಿ ಹೊಲ್ದಿದ್ದು, ಕೈಯಾರೆ!" ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನ ಪಕ್ಕದಲ್ಲಿ ಓಡುತ್ತಾ ಕಿಟಕಿ ಕಿಟಕಿಗೂ ಹೇಳಿದ, "ನನ್ ತಂಗಿ, ನನ್ ತಂಗಿ" ಎಂದು, ಇಸ್ತ್ರಿ ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟುವವರೆಗೆ.

"ಅಣ್ಣಾ, ಭಾಷಣ ಸಾಕು, ಬಂದು ಹಗ್ಗ ಹಿಡ್ಕೋ!" ಎಂದು ಅಕ್ಕ ಕೂಗಿದಳು. "ಅಂಗಡಿ ತೆಗೀಬೇಕು, ಹೊತ್ತಾಯ್ತು!"

ಅವನು ಓಡಿ ಬಂದ. ತೋಳಿನಿಂದ ಕಣ್ಣು ಒರೆಸಿಕೊಂಡು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದ. ಹಗ್ಗ ಅವನನ್ನೂ ಎಳೆಯಿತು. ಬಹಳ ಹೊತ್ತು ತಲೆ ಮೇಲೆತ್ತಿ ನೋಡಿದವನು, ನಮ್ಮಿಬ್ಬರ ಕಡೆ ತಿರುಗಿ ಸಿಟ್ಟಿನಿಂದ ಕೇಳಿದ: "ಅಲ್ಲಾ, ಇಂಥದ್ದನ್ನ ಕತ್ತರಿಸಿ ಚೀಲ ಹೊಲೀಬೇಕು ಅಂತಿದ್ರಲ್ಲ, ಯಾರಿಗಮ್ಮಾ ತಲೆ ಕೆಟ್ಟಿತ್ತು?"

ಅಕ್ಕ ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಉತ್ತರ ನಾನು ಕೊಟ್ಟೆ. ಬಲೂನು ಆರಿ ಮೆಲ್ಲಗೆ ಇಳಿದು, ಅದನ್ನು ಮಡಿಚಿ, ವ್ಯಾನಿನಲ್ಲಿ ಅಣ್ಣನ ತೊಡೆಯ ಮೇಲಿಟ್ಟು, ಹೊಸ ಅಂಗಡಿಯ ಬಾಗಿಲು ತೆಗೆಯುವವರೆಗೂ ನನ್ನ ಉತ್ತರ ಮುಗಿದಿರಲಿಲ್ಲ.